ಚಾವಡಿಯಲ್ಲೊಂದು ಪುಟ್ಟ ಕಡಲು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದು ನಮ್ಮ ಗಡಿನಾಡಿನ ಮನೆಗಳಿಗೆ ಹೊಸತಲ್ಲ. ಪೇಟೆಯ ಅಂಗಡಿಯಿಂದ ಗಪ್ಪಿ ತಂದು ಬಾವಿಯ ನೀರಿಗೆ ಬಿಟ್ಟರೆ ಅದು ತನ್ನ ಪಾಡಿಗೆ ಬದುಕಿ ಮರಿಯನ್ನೂ ಹಾಕುತ್ತದೆ. ಆದರೆ ಅದು ಸಿಹಿನೀರಿನ ಮೀನು. ಕಡಲಿನ ಮೀನನ್ನು ಅದೇ ರೀತಿ ಸಾಕಲು ಹೊರಟರೆ ಎಂಟು ದಿನದೊಳಗೆ ಮೀನೂ ಹೋಗುತ್ತದೆ, ಅದಕ್ಕೆ ಕೊಟ್ಟ ಹಣವೂ ಹೋಗುತ್ತದೆ. ಹಾಗಾದರೆ ಸಾಮಾನ್ಯ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವುದು ಸಾಧ್ಯವೇ? ಸಾಧ್ಯ. ತೊಟ್ಟಿಯನ್ನು ಹೊರುವ ಸ್ಟ್ಯಾಂಡನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಮೀನು ಮನೆಗೆ ಬರುವ ಮೊದಲು ಎರಡು ಭಾರ ಹೊರುವ ಏರ್ಪಾಡು ಆಗಿರಬೇಕು. ಒಂದು, ನೀರಿನ ಭಾರ. ಇನ್ನೊಂದು, ಮೀನಿನ ಹೊಲಸಿನ ಭಾರ. ಇವೆರಡನ್ನೂ ಇಂದು ವಿವರವಾಗಿ ನೋಡೋಣ.

ಈ ಹವ್ಯಾಸಕ್ಕೆ ಸುಮಾರು ಇನ್ನೂರು ವರ್ಷಗಳ ಚರಿತ್ರೆ ಇದೆ. 1832ರಲ್ಲಿ ಜಾನ್ ವಿಲ್‌ಪ್ರೂ ಪವರ್ ಎಂಬ ಫ್ರೆಂಚ್ ಮಹಿಳೆ ಇಟಲಿಯ ಸಿಸಿಲಿ ದ್ವೀಪದಲ್ಲಿ ಕಡಲಿನ ಜೀವಿಗಳನ್ನು ಅಭ್ಯಸಿಸಲು ಗಾಜಿನ ತೊಟ್ಟಿಗಳನ್ನು ಮಾಡಿಸಿದರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಗಳ ಮನೆ ತೆರೆಯಿತು. ನಮ್ಮ ದೇಶದಲ್ಲಿ 1951ರಲ್ಲಿ ಮುಂಬಯಿಯ ಕಡಲ ತಡಿಯಲ್ಲಿ ತಾರಾಪೋರ್‌ವಾಲಾ ಅಕ್ವೇರಿಯಂ ಆರಂಭವಾಯಿತು.

ಈಗ ತೊಟ್ಟಿಯ ಅಳತೆಗೆ ಬರೋಣ. ಹೊಸಬರಿಗೆ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ತೊಟ್ಟಿ ಸಾಕು. ಇದಕ್ಕಿಂತ ಚಿಕ್ಕದು ಬೇಡ. ನೀರು ಕಡಿಮೆಯಾದಷ್ಟೂ ಅದು ಬೇಗ ಬಿಸಿಯಾಗುತ್ತದೆ, ಬೇಗ ಕೆಡುತ್ತದೆ. ಈ ತೊಟ್ಟಿಗೆ 6 ಮಿಲಿಮೀಟರ್ ದಪ್ಪದ ಗಾಜು ಬೇಕು. ಗಾಜುಗಳನ್ನು ಅಂಟಿಸಲು ಸಿಲಿಕೋನ್ ಅಂಟು ಬಳಸಬೇಕು. ಬಿಡಿಸಿದಾಗ ವಿನೆಗರಿನ ವಾಸನೆ ಬರುವ ಅಂಟು ಸರಿಯಾದದ್ದು. ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ ಬಾತ್‌ರೂಮಿನ ಅಂಟು ಬೇಡ, ಅದು ಮೀನಿಗೆ ವಿಷ. ಅಂಟಿಸಿದ ಮೇಲೆ ಒಂದು ವಾರ ಒಣಗಲು ಬಿಡಿ. ಆಮೇಲೆ ಅಂಗಳದಲ್ಲೇ ನೀರು ತುಂಬಿಸಿ ಒಂದು ದಿನ ಇಟ್ಟು, ಸೋರುತ್ತದೆಯೇ ನೋಡಿ.

ಈ ಪುಟ್ಟ ತೊಟ್ಟಿಯ ತೂಕ ಎಷ್ಟಿರಬಹುದು? 35 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದರೆ 63 ಲೀಟರ್ ಹಿಡಿಯುತ್ತದೆ. ಕಡಲ ನೀರು ಸಿಹಿನೀರಿಗಿಂತ ಸ್ವಲ್ಪ ಭಾರ. ಅಷ್ಟು ನೀರು ಸುಮಾರು 65 ಕಿಲೋ ತೂಗುತ್ತದೆ. ಗಾಜು 13 ಕಿಲೋ. ತಳದ ಚಿಪ್ಪಿನ ಪುಡಿ ಮತ್ತು ಕಲ್ಲುಗಳನ್ನು ಸೇರಿಸಿದರೆ ಒಟ್ಟು 90 ಕಿಲೋ ದಾಟುತ್ತದೆ. ಅಂದರೆ ಎರಡು ಮೂಟೆ ಅಕ್ಕಿಯ ಭಾರ. ಈ ಭಾರ ಹಗಲೂ ರಾತ್ರಿ, ವರ್ಷಗಟ್ಟಲೆ ಒಂದೇ ಕಡೆ ಇರುತ್ತದೆ. ಹಳೆಯ ಟೀಪಾಯಿಯಾಗಲಿ, ಟಿ.ವಿ. ಇಡುವ ಮೇಜಾಗಲಿ ಇದನ್ನು ತಾಳದು. ಮೇಜು ಒಂದು ಕಡೆ ಬಾಗಿದರೂ ಸಾಕು, ಗಾಜು ಬಿರುಕು ಬಿಡುತ್ತದೆ.

ಸ್ಟ್ಯಾಂಡನ್ನು ಎರಡು ರೀತಿಯಲ್ಲಿ ಮಾಡಬಹುದು. ಮೊದಲನೆಯದು ಮರದ್ದು. ತೇಗ ಅಥವಾ ಬಲಿತ ಹಲಸಿನ ಮರ ಒಳ್ಳೆಯದು. 2 ಇಂಚು ದಪ್ಪ, 3 ಇಂಚು ಅಗಲದ ನಾಲ್ಕು ಕಾಲುಗಳಿರಲಿ. ಎತ್ತರ 70 ಸೆಂಟಿಮೀಟರ್ ಸಾಕು. ಇಲ್ಲಿ ಒಂದು ನಿಯಮವನ್ನು ನೆನಪಿಡಬೇಕು: ಮೇಲಿನ ಚೌಕಟ್ಟು ಕಾಲುಗಳ ತಲೆಯ ಮೇಲೆ ಕೂರಬೇಕು. ಚೌಕಟ್ಟನ್ನು ಕಾಲುಗಳ ಪಕ್ಕಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದರೆ ಇಡೀ ಭಾರ ಸ್ಕ್ರೂಗಳ ಮೇಲೆ ಬೀಳುತ್ತದೆ. ಕಾಲಿನ ತಲೆಯ ಮೇಲೆ ಕೂರಿಸಿದರೆ ಭಾರ ಮರದ ಮೂಲಕ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಸ್ಕ್ರೂಗಳ ಕೆಲಸ ಮರವನ್ನು ಅಲುಗದಂತೆ ಹಿಡಿಯುವುದು ಮಾತ್ರ. ಅವು ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಲಿ. ಉಪ್ಪುನೀರು ತಗಲಿದರೆ ಕಬ್ಬಿಣದ ಮೊಳೆ ಒಂದೆರಡು ಮಳೆಗಾಲದಲ್ಲೇ ತುಕ್ಕು ತಿಂದು ಹೋಗುತ್ತದೆ.

ನಾಲ್ಕು ಕಾಲುಗಳ ಮೇಲೆ ಭಾರ ಇಟ್ಟಾಗ ಸ್ಟ್ಯಾಂಡು ಪಕ್ಕಕ್ಕೆ ವಾಲುವ ಅಪಾಯವೂ ಇದೆ. ಅದಕ್ಕಾಗಿ ಹಿಂಬದಿಗೆ ಒಂದು ಪ್ಲೈವುಡ್ ಹಲಗೆ ಬಡಿಯಿರಿ, ಇಲ್ಲವೇ ಮೂಲೆಯಿಂದ ಮೂಲೆಗೆ ಓರೆಯಾಗಿ ಪಟ್ಟಿ ಕೊಡಿ. ಮೇಲ್ಗಡೆ 19 ಮಿಲಿಮೀಟರ್ ದಪ್ಪದ, ನೀರು ತಾಳುವ ಪ್ಲೈವುಡ್ ಹಾಕಿ. ಎಲ್ಲಕ್ಕೂ ಎರಡು ಕೈ ವಾರ್ನಿಷ್ ಬಳಿಯಿರಿ. ಕಾಲುಗಳ ಅಡಿಗೆ ರಬ್ಬರಿನ ತುಂಡು ಕೊಟ್ಟರೆ ನೆಲದ ತೇವ ಏರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಸ್ಟ್ಯಾಂಡನ್ನು ಗೋಡೆಗೆ ಒಂದು ಕಬ್ಬಿಣದ ಪಟ್ಟಿಯಿಂದ ಬಿಗಿಯುವುದನ್ನು ಮರೆಯಬೇಡಿ.

ಎರಡನೆಯ ರೀತಿ ಇನ್ನೂ ಸುಲಭ. ನಮ್ಮ ಕಾಸರಗೋಡಿನ ಕಡೆ ಮುರಕಲ್ಲಿಗೆ, ಮಲಯಾಳದಲ್ಲಿ ಚೆಂಕಲ್ಲು ಎನ್ನುವ ಕೆಂಪುಕಲ್ಲಿಗೆ ಬರವಿಲ್ಲ. ಎರಡು ಗಿಡ್ಡ ಗೋಡೆ ಕಟ್ಟಿ, ಮೇಲೆ ದಪ್ಪ ಹಲಗೆ ಇಟ್ಟರೆ ಸ್ಟ್ಯಾಂಡು ಸಿದ್ಧ. ಗೆದ್ದಲಿನ ಚಿಂತೆ ಗೋಡೆಗೆ ಇಲ್ಲ.

ಯಾವುದೇ ಆಗಲಿ, ರಸಮಟ್ಟ ಇಟ್ಟು ನಾಲ್ಕೂ ದಿಕ್ಕಿಗೆ ಸಮ ಇದೆಯೇ ನೋಡಿ. ಆಮೇಲೆ ಎರಡು ಮೂಟೆ ಅಕ್ಕಿ ಹೊರಿಸಿ ಎರಡು ದಿನ ಬಿಡಿ. ಬಾಗದಿದ್ದರೆ, ಅಲುಗದಿದ್ದರೆ ತೊಟ್ಟಿ ಇಡಬಹುದು. ಹಲಗೆಗೂ ಗಾಜಿಗೂ ನಡುವೆ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ ಇರಲಿ. ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಅದು ನುಂಗಿಕೊಳ್ಳುತ್ತದೆ. ಕಿಟಕಿಯ ಬಿಸಿಲು ಬೀಳುವಲ್ಲಿ ತೊಟ್ಟಿ ಬೇಡ, ಪಾಚಿ ಕಟ್ಟುತ್ತದೆ. ಮರದ ಅಟ್ಟದ ಮೇಲೂ ಬೇಡ. ಚಾವಡಿಯ ಗಟ್ಟಿ ನೆಲವೇ ಕ್ಷೇಮ.

ಇನ್ನು ನೀರು. ಕಡಲ ನೀರಿನ ಒಂದು ಕಿಲೋದಲ್ಲಿ ಸರಾಸರಿ 35 ಗ್ರಾಂ ಲವಣ ಇರುತ್ತದೆ. ಹಾಗಾದರೆ ಅಡುಗೆ ಉಪ್ಪನ್ನೇ ಕರಗಿಸಬಾರದೇ ಎಂದು ಕೇಳಬಹುದು. ಬಾರದು. ಅಡುಗೆ ಉಪ್ಪು ಎಂದರೆ ಸೋಡಿಯಂ ಮತ್ತು ಕ್ಲೋರೈಡ್. ಕಡಲ ಲವಣದಲ್ಲಿ ಇವೆರಡೂ ಸೇರಿ ನೂರಕ್ಕೆ ಸುಮಾರು 85 ಪಾಲು ಮಾತ್ರ. ಉಳಿದದ್ದು ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಅವಿಲ್ಲದೆ ಕಡಲ ಜೀವಿ ಉಳಿಯದು.

ಕರಾವಳಿಯ ಕೇಳುಗರು ಕಡಲಿನಿಂದಲೇ ನೀರು ತರಬಹುದು. ಆದರೆ ಚಂದ್ರಗಿರಿ, ಶಿರಿಯ, ಮೊಗ್ರಾಲ್ ಮುಂತಾದ ಹೊಳೆಗಳು ಕಡಲು ಸೇರುವ ಅಳಿವೆಯ ಬಳಿ ಬೇಡ. ಅಲ್ಲಿ ಸಿಹಿನೀರು ಬೆರೆತಿರುತ್ತದೆ. ದೋಣಿಗಳು ನಿಲ್ಲುವ ಬಂದರಿನಲ್ಲೂ ಬೇಡ, ಎಣ್ಣೆ ಇರುತ್ತದೆ. ಮಳೆಗಾಲದ ಕೆಂಪು ನೀರಂತೂ ಬೇಡವೇ ಬೇಡ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ತಿಳಿನೀರನ್ನು ಭರತದ ಹೊತ್ತಿನಲ್ಲಿ ತುಂಬಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕತ್ತಲೆಯಲ್ಲಿ ಎರಡು ವಾರ ಇಡಿ.

ವಯನಾಡು, ನೀಲಗಿರಿ, ತಾಳವಾಡಿ, ಸೊಲ್ಲಾಪುರದಂಥ ಒಳನಾಡಿನವರು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕೃತಕ ಕಡಲುಪ್ಪನ್ನು ಪೊಟ್ಟಣದಲ್ಲಿ ಬರೆದ ಪ್ರಮಾಣದಲ್ಲಿ ಕರಗಿಸಬೇಕು. ಗಡಸು ಬೋರ್‌ವೆಲ್ ನೀರಿಗಿಂತ ಶುದ್ಧೀಕರಿಸಿದ ನೀರು ಮೇಲು. ಎರಡೂ ಕಡೆಯವರು ಹೈಡ್ರೋಮೀಟರ್ ಎಂಬ ಸಣ್ಣ ಉಪಕರಣದಿಂದ ನೀರಿನ ಸಾಂದ್ರತೆ ನೋಡಬೇಕು. ಅದು 1.024 ಮತ್ತು 1.026ರ ನಡುವೆ ಇರಲಿ.

ಇನ್ನೊಂದು ಮಾತು. ಸಾರು ಕುದಿದಷ್ಟೂ ಉಪ್ಪಾಗುವುದನ್ನು ತಾಯಂದಿರು ಬಲ್ಲರು. ತೊಟ್ಟಿಯಲ್ಲೂ ಅಷ್ಟೇ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ನೀರು ಇಳಿದಾಗ ಸಿಹಿನೀರನ್ನೇ ತುಂಬಿಸಬೇಕು. ಉಪ್ಪುನೀರು ಹಾಕುತ್ತಾ ಹೋದರೆ ತೊಟ್ಟಿ ಉಪ್ಪಿನಕಾಯಿ ಭರಣಿಯಾಗುತ್ತದೆ.

ಈಗ ಎರಡನೆಯ ಭಾರದ ವಿಚಾರ. ಬೆಳಗ್ಗೆ ಹಟ್ಟಿಯ ಬಾಗಿಲು ತೆರೆದಾಗ ಮೂಗಿಗೆ ಹೊಡೆಯುವ ವಾಸನೆ ಗೊತ್ತಲ್ಲವೇ? ಅದು ಅಮೋನಿಯ. ಮೀನಿನ ದೇಹದಿಂದಲೂ, ತಿಂದು ಬಿಟ್ಟ ಆಹಾರ ಕೊಳೆತಾಗಲೂ ಇದೇ ಅಮೋನಿಯ ಹೊರಬರುತ್ತದೆ. ಕಡಲು ದೊಡ್ಡದು, ಅಲ್ಲಿ ಅದು ಹರಡಿ ಹೋಗುತ್ತದೆ. 60 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಕೂಡಿ ಮೀನಿನ ಕಿವಿರುಗಳನ್ನು ಸುಡುತ್ತದೆ. ಹೊಸ ತೊಟ್ಟಿಯ ಮೀನುಗಳು ಸಾಯುವುದಕ್ಕೆ ಬಹುತೇಕ ಇದೇ ಕಾರಣ. ನೋಡಲು ನೀರು ಗಾಜಿನಂತೆ ತಿಳಿಯಾಗಿಯೇ ಇರುತ್ತದೆ.

ಇದಕ್ಕೆ ಪ್ರಕೃತಿಯಲ್ಲೇ ಪರಿಹಾರವಿದೆ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನ ಅಪಾಯ ಬಹಳ ಕಡಿಮೆ. ನೀರು ಬದಲಿಸಿ ಅದನ್ನು ಹೊರಹಾಕಬಹುದು. ಈ ಬ್ಯಾಕ್ಟೀರಿಯಗಳು ಒರಟು ಮೇಲ್ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಅವು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಅಷ್ಟು ಕಾಲ ತೊಟ್ಟಿಯಲ್ಲಿ ಮೀನು ಇರಬಾರದು.

ಮಾಡುವ ಕ್ರಮ ಹೀಗಿದೆ. ಮರುವಾಯಿ ಚಿಪ್ಪುಗಳನ್ನು ಕುದಿಸಿ, ಒಣಗಿಸಿ, ಜಜ್ಜಿ ತಳಕ್ಕೆ ಹಾಕಿ. ಹೊಸ ಮಣ್ಣಿನ ಮಡಕೆಯ ಚೂರುಗಳು, ತೊಳೆದ ಕರಿಕಲ್ಲಿನ ತುಂಡುಗಳನ್ನು ಗುಹೆಯಂತೆ ಜೋಡಿಸಿ. ಕೆಂಪುಕಲ್ಲು ತೊಟ್ಟಿಯ ಕೆಳಗೆ ಇರಲಿ, ಒಳಗೆ ಬೇಡ. ಅದು ನೀರಿನಲ್ಲಿ ಪುಡಿಯಾಗಿ ಕೆಸರು ಬಿಡುತ್ತದೆ. ಸ್ಪಂಜಿನ ಫಿಲ್ಟರನ್ನೂ, ಗಂಟೆಗೆ ಸುಮಾರು 600 ಲೀಟರ್ ನೀರು ತಿರುಗಿಸುವ ಸಣ್ಣ ಪಂಪನ್ನೂ ಓಡಿಸಿ. ನಮ್ಮಲ್ಲಿ ಎಟ್ಟಿ ಎಂದೂ ಮಲಯಾಳದಲ್ಲಿ ಚೆಮ್ಮೀನ್ ಎಂದೂ ಕರೆಯುವ ಸಿಗಡಿಯ ಒಂದು ಸಣ್ಣ ತುಂಡನ್ನು ಹಾಕಿ ಬಿಡಿ. ಅದು ಕೊಳೆತು ಅಮೋನಿಯ ಕೊಡುತ್ತದೆ, ಬ್ಯಾಕ್ಟೀರಿಯಗಳಿಗೆ ಅದೇ ಊಟ. ವಾರಕ್ಕೆರಡು ಸಲ ಪರೀಕ್ಷಾ ಕಿಟ್ಟಿನಿಂದ ನೀರನ್ನು ನೋಡಿ. ಮೊದಲು ಅಮೋನಿಯ ಏರುತ್ತದೆ, ಮತ್ತೆ ನೈಟ್ರೈಟ್ ಏರುತ್ತದೆ. ಎರಡೂ ಸೊನ್ನೆಗೆ ಇಳಿದು, ನೈಟ್ರೇಟ್ ಮಾತ್ರ ಕಂಡ ದಿನ ನಿಮ್ಮ ತೊಟ್ಟಿ ಮೀನಿಗೆ ತಯಾರು.

ಆಗಲೂ ಎರಡೇ ಮೀನು ಸಾಕು. ಹೊಸಬರಿಗೆ ಹೇಳಿಸಿದ್ದು ಕ್ಲೌನ್ ಮೀನು. ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ, 2003ರ ನೀಮೊ ಚಲನಚಿತ್ರದಿಂದ ಮಕ್ಕಳಿಗೆಲ್ಲ ಪರಿಚಿತವಾದ ಮೀನು. ಇದರಲ್ಲಿ ಒಂದು ವಿಶೇಷವಿದೆ. ಇವು ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಮಾರ್ಪಡುತ್ತದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಸಾಧಿಸಿದ್ದಾರೆ. ಕೊಳ್ಳುವಾಗ ತೊಟ್ಟಿಯಲ್ಲಿ ಹುಟ್ಟಿದ ಮೀನೇ ಬೇಕೆಂದು ಕೇಳಿ. ಹವಳದ ದಿಬ್ಬದಿಂದ ಹಿಡಿದು ತಂದ ಮೀನು ದಾರಿಯಲ್ಲೇ ಬಳಲಿರುತ್ತದೆ, ಆ ದಿಬ್ಬಕ್ಕೂ ನಷ್ಟ.

ಕಾನೂನಿನ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಗೆ 2001ರಲ್ಲಿ ಹವಳಗಳನ್ನೂ ಕಡಲ ಕುದುರೆಗಳನ್ನೂ ಸೇರಿಸಲಾಯಿತು. ಹೊರದೇಶದ ಪುಸ್ತಕಗಳು ಹವಳದ ಕಲ್ಲನ್ನು ತೊಟ್ಟಿಗೆ ಹಾಕಲು ಹೇಳುತ್ತವೆ. ನಮ್ಮಲ್ಲಿ ಕಡಲಿನಿಂದ ಹವಳ ತೆಗೆದು ಮಾರುವುದು ಅಪರಾಧ. ಮಡಕೆಯ ಚೂರು ಅದೇ ಕೆಲಸವನ್ನು ಮಾಡಿಕೊಡುತ್ತದೆ.

ಮೀನು ತಂದ ದಿನ ಚೀಲವನ್ನು 20 ನಿಮಿಷ ತೊಟ್ಟಿಯಲ್ಲಿ ತೇಲಿಸಿ. ಮತ್ತೆ ಒಂದು ಗಂಟೆಯ ಕಾಲ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿ, ಆಮೇಲೆ ಮೀನನ್ನು ಮಾತ್ರ ಒಳಗೆ ಬಿಡಿ. ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಎರಡು ವಾರಕ್ಕೊಮ್ಮೆ ಸುಮಾರು 10 ಲೀಟರ್ ನೀರು ತೆಗೆದು, ಅಷ್ಟೇ ಹೊಸ ಉಪ್ಪುನೀರು ಹಾಕಿ. ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಇರಲಿ. ಕರಾವಳಿಯ ಸೆಕೆಗೆ ನೀರಿನ ಮೇಲೆ ಸಣ್ಣ ಫ್ಯಾನು ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀಲಗಿರಿಯ ಚಳಿಗೆ ಹೀಟರ್ ಬೇಕು.

ಕರೆಂಟಿನ ವಿಷಯದಲ್ಲಿ ಉದಾಸೀನ ಬೇಡ. ಪ್ಲಗ್ಗಿಗೆ ಹೋಗುವ ವಯರು ಮೊದಲು ಕೆಳಗೆ ಜೋತು ಆಮೇಲೆ ಮೇಲೇರಲಿ. ವಯರಿನಲ್ಲಿ ಜಾರಿ ಬಂದ ನೀರು ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ತೊಟ್ಟಿಗೆ ಕೈ ಹಾಕುವ ಮುಂಚೆ ಸ್ವಿಚ್ಚು ಆರಿಸಿ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಬ್ಯಾಟರಿಯಿಂದ ಓಡುವ ಗಾಳಿ ಪಂಪು ಇಟ್ಟುಕೊಳ್ಳುವುದು ಅಗತ್ಯ. ಗಾಳಿ ನಿಂತರೆ ಮೀನಿಗೂ ಬ್ಯಾಕ್ಟೀರಿಯಕ್ಕೂ ಉಸಿರಿಲ್ಲ.

ಈ ಕೆಲಸದಲ್ಲಿ ಹೆಚ್ಚು ಬೇಕಾದದ್ದು ತಾಳ್ಮೆ. ಖಾಲಿ ತೊಟ್ಟಿಯನ್ನು ಆರು ವಾರ ನೋಡುತ್ತಾ ಕೂರುವುದು ಮಕ್ಕಳಿಗೆ ಬೇಸರ ತಂದೀತು. ಪರೀಕ್ಷೆಯ ಅಂಕಿಗಳನ್ನು ಅವರಿಂದಲೇ ನೋಟ್ ಪುಸ್ತಕದಲ್ಲಿ ಬರೆಸಿ. ಅಮೋನಿಯ ಏರಿ ಇಳಿದದ್ದನ್ನು ತಮ್ಮ ಕೈಯಿಂದಲೇ ಗುರುತು ಹಾಕಿದ ಮಕ್ಕಳಿಗೆ ಮೀನು ಬಂದ ದಿನ ಅದು ಯಾಕೆ ಬದುಕುತ್ತದೆ ಎಂಬುದು ಗೊತ್ತಿರುತ್ತದೆ.