ಕಡೂರಿನ ಕಲಾಗುರು ವೆಂಕಟಲಕ್ಷಮ್ಮನವರು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಊರಿನಿಂದ ತುಸು ದೂರದಲ್ಲಿ ಲಂಬಾಣಿ ಜನರ ತಾಂಡ್ಯಗಳಿರುವುದನ್ನು ಆ ಕಡೆಯ ವಾಚಕರೆಲ್ಲರೂ ಬಲ್ಲರು. ಹಬ್ಬಗಳಲ್ಲಿ ಅಲ್ಲಿನ ಸ್ತ್ರೀಯರು ವರ್ತುಲವಾಗಿ ನಿಂತು ಹಾಡುತ್ತ ಹೆಜ್ಜೆಹಾಕುವುದನ್ನು ನೋಡಿದವರೂ ಅನೇಕರಿರಬಹುದು. ಕಡೂರಿನ ತಂಗಲಿ ತಾಂಡ್ಯದಲ್ಲಿ 1906ನೆಯ ಇಸವಿ ಮೇ 29ರಂದು ಜನಿಸಿದ ಹೆಣ್ಣುಮಗಳೊಬ್ಬಳು ಮುಂದೆ ಮೈಸೂರು ಸಂಸ್ಥಾನದ ಆಸ್ಥಾನ ವಿದುಷಿಯಾಗಿ, ಅನಂತರ ವಿಶ್ವವಿದ್ಯಾನಿಲಯದ ಅಧ್ಯಾಪಕಿಯಾಗಿ ಪ್ರಸಿದ್ಧಿ ಪಡೆದಳು. ಅವರೇ ಶ್ರೀಮತಿ ಕೆ. ವೆಂಕಟಲಕ್ಷಮ್ಮನವರು.

ಎಂಟನೆಯ ವಯಸ್ಸಿನಲ್ಲಿ ಅವರು ಮೈಸೂರಿನ ಜಟ್ಟಿ ತಾಯಮ್ಮನವರಲ್ಲಿ ಶಿಷ್ಯವೃತ್ತಿಗೆ ಸೇರಿದರು. ತಾಯಮ್ಮನವರು (1857–1947) ಕುಸ್ತಿಯ ಜಟ್ಟಿಯೊಬ್ಬರ ಮಗಳು. ಅಭಿನಯದಲ್ಲಿ ಅವರಿಗೆ ಸಮಾನರಿಲ್ಲವೆಂದು ಹೆಸರಾಗಿ, ಅಮೆರಿಕಾ ದೇಶದಿಂದ ಬಂದ ರಾಗಿಣೀದೇವಿಯವರೂ ಕೂಡ ಅವರಲ್ಲಿ ಪಾಠ ಹೇಳಿಸಿಕೊಂಡರು.

ಆ ಕಾಲವು ನೃತ್ಯ ಕಲಿಯುವವರಿಗೆ ಅನುಕೂಲವಾದುದಾಗಿರಲಿಲ್ಲ. 1909ರಲ್ಲಿ ಮೈಸೂರು ಸರ್ಕಾರದವರು ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ್ದರು. ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಅದು ಅವಶ್ಯವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪದ್ಧತಿಯ ಮೇಲಿನ ಕಳಂಕವು ವಿದ್ಯೆಯ ಮೇಲೂ ಹರಡಿತು. ಮಗಳಿಗೆ ಹಾಡು ಕಲಿಸಲು ಸಮ್ಮತಿಸುತ್ತಿದ್ದ ತಾಯಿತಂದೆಗಳು ಗೆಜ್ಜೆಯೆಂದೊಡನೆ ಹಿಂಜರಿಯುತ್ತಿದ್ದರು. ನಮ್ಮ ಅಜ್ಜಿಯರನ್ನು ಕೇಳಿದರೆ ಈ ಮಾತಿನ ಸತ್ಯವು ತಿಳಿದೀತು. ದೇವಸ್ಥಾನದ ಆಶ್ರಯ ತಪ್ಪಿದ ಈ ಕಲೆಯು ಯಾರ ಕೈಯಲ್ಲಿ ಉಳಿಯಬೇಕು, ಯಾರಿಗೆ ಕಲಿಸಲ್ಪಡಬೇಕು ಎಂಬುದೇ ಆಗಿನ ಪ್ರಶ್ನೆಯಾಗಿದ್ದಿತು.

ಮೈಸೂರು ಸಂಪ್ರದಾಯದ ಅಭಿನಯವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದರ ಜೀವಾಳವು ಹಾಡು. ಕ್ಷೇತ್ರಯ್ಯನ ಪದವನ್ನಾಗಲಿ, ಜಾವಳಿಯನ್ನಾಗಲಿ, ಅಮರುಕನ ಶ್ಲೋಕವನ್ನಾಗಲಿ ಎತ್ತಿಕೊಂಡು ಅದರ ಒಂದೇ ಸಾಲನ್ನು ಮೇಲಿಂದ ಮೇಲೆ ಹಾಡುವರು. ಸಾಲು ಅದೇ ಆದರೂ ಪ್ರತಿಸಲವೂ ಮುಖದಲ್ಲಿ ಮೂಡುವ ಭಾವವು ಬೇರೆ. ಮೊದಲು ಕೋಪ, ಬಳಿಕ ಪರಿಹಾಸ, ಆ ಮೇಲೆ ಅಳು ನುಂಗಿದ ಮೌನ. ಹಳೆಯ ಪದ್ಧತಿಯಲ್ಲಿ ನರ್ತಕಿಯು ತಾನೇ ಹಾಡಿಕೊಳ್ಳುತ್ತಿದ್ದಳು. ಎದ್ದು ಕುಣಿಯುವ ಅವಶ್ಯಕತೆಯೂ ಇಲ್ಲ. ಕುಳಿತಲ್ಲಿಯೇ ಕಣ್ಣು, ಹುಬ್ಬು, ಕೈಬೆರಳುಗಳಿಂದ ಎಲ್ಲವನ್ನೂ ತೋರಿಸಬಹುದು. ಆದುದರಿಂದ ಸಾಹಿತ್ಯದ ಅರ್ಥವನ್ನೂ ರಾಗದ ಸ್ವಭಾವವನ್ನೂ ಅರಿಯದವರಿಗೆ ಅದು ಕೈಗೂಡದು.

ಈ ಕಾರಣದಿಂದಲೇ ವೆಂಕಟಲಕ್ಷಮ್ಮನವರು ದೇವೋತ್ತಮ ಜೋಯಿಸರೇ ಮೊದಲಾದ ಆಸ್ಥಾನ ವಿದ್ವಾಂಸರಲ್ಲಿ ಸಂಸ್ಕೃತವನ್ನೂ, ಬಿ. ದೇವೇಂದ್ರಪ್ಪನವರು ಮತ್ತು ಸಿ. ರಾಮರಾಯರಲ್ಲಿ ಕರ್ನಾಟಕ ಸಂಗೀತವನ್ನೂ ಅಭ್ಯಾಸಮಾಡಿದರು. ತಾಂಡ್ಯದಲ್ಲಿ ಹುಟ್ಟಿದ ಬಾಲಿಕೆಯು ಅಮರುಕನ ಶ್ಲೋಕಗಳ ಅರ್ಥವನ್ನು ಪಂಡಿತರಿಂದ ಕೇಳಿ ತಿಳಿದು, ಅವನ್ನು ಅಭಿನಯಿಸಿ ಪಂಡಿತರನ್ನೇ ಮೆಚ್ಚಿಸಿದ್ದು ಸಾಮಾನ್ಯ ಪರಿಶ್ರಮದ ಫಲವಲ್ಲ. ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಮತ್ತು ಶ್ರೀ ಜಯಚಾಮರಾಜ ಒಡೆಯರವರ ಕಾಲಗಳೆರಡರಲ್ಲಿಯೂ ಅವರು ಅರಮನೆಯಲ್ಲಿ ಸೇವೆ ಸಲ್ಲಿಸಿದರು.

ಅವರು ಕೇವಲ ಆಸ್ಥಾನ ನರ್ತಕಿಯಾಗಿಯೇ ಉಳಿದಿದ್ದರೆ ಅರಮನೆಯ ವೈಭವದೊಡನೆ ಅವರ ವಿದ್ಯೆಯೂ ಮರೆಯಾಗುತ್ತಿದ್ದಿತೋ ಏನೋ. ಅವರು ಭಾರತೀಯ ನೃತ್ಯ ನಿಕೇತನವೆಂಬ ಶಾಲೆಯನ್ನು ತೆರೆದು ಗೃಹಸ್ಥರ ಹೆಣ್ಣುಮಕ್ಕಳಿಗೆ ಕಲಿಸಿದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ನೃತ್ಯ ವಿಭಾಗವನ್ನು ಆರಂಭಿಸಿದಾಗ ಅಲ್ಲಿನ ಮೊದಲನೆಯ ರೀಡರ್ ಆಗಿ ನೇಮಕಗೊಂಡು, 1974ರ ವರೆಗೆ ಪಾಠ ಹೇಳಿದರು. ಒಂದು ಕಾಲಕ್ಕೆ ಸಭ್ಯರು ಹೆಸರೆತ್ತಲು ನಾಚುತ್ತಿದ್ದ ವಿದ್ಯೆಯನ್ನು ವಿದ್ಯಾರ್ಥಿನಿಯರು ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಿಸಿ, ಪರೀಕ್ಷೆ ಕೊಟ್ಟು ಕಲಿಯುವಂತಾಯಿತು. ಅದೇ ವಿಶ್ವವಿದ್ಯಾನಿಲಯವು 1977ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ಬಿರುದುಗಳ ಪಟ್ಟಿಯು ದೀರ್ಘವಾದುದು. 1964ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯನ್ನೂ 1992ರ ಪದ್ಮಭೂಷಣವನ್ನೂ ಹೆಸರಿಸಿದರೆ ಸಾಕು.

2002ನೆಯ ಇಸವಿ ಜುಲೈ 1ರಂದು, ತೊಂಬತ್ತಾರು ವರ್ಷಗಳ ತುಂಬು ಜೀವನವನ್ನು ಮುಗಿಸಿ ಅವರು ದೈವಾಧೀನರಾದರು. ಅವರಲ್ಲಿ ಅಭಿನಯ ಕಲಿತ ಲಲಿತಾ ಶ್ರೀನಿವಾಸನ್‌ರವರು ಬೆಂಗಳೂರಿನಲ್ಲಿ ನೂಪುರ ಎಂಬ ಶಾಲೆಯನ್ನು ಸ್ಥಾಪಿಸಿ ಆ ಮೈಸೂರು ಸಂಪ್ರದಾಯವನ್ನು ಮುಂದಿನವರಿಗೆ ಹೇಳಿಕೊಟ್ಟರು. ವೆಂಕಟಲಕ್ಷಮ್ಮನವರ ಜೀವಮಾನದ ಬಹುಭಾಗವು ಮೈಸೂರಿನಲ್ಲಿಯೇ ಕಳೆದರೂ ಜನರು ಅವರನ್ನು ಕಡೆಯ ವರೆಗೂ ಕರೆದದ್ದು ಕಡೂರು ವೆಂಕಟಲಕ್ಷಮ್ಮನವರೆಂದೇ.