ಮಾತು ತಡ ಅಂತ ಕಾಯುತ್ತಾ ಕೂರಬೇಡಿ

‘ಅವರಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದಿದ್ದು, ಸುಮ್ನಿರು’ ಅಂತಾರೆ ಅತ್ತೆ. ‘ಕೆಲಸ ಕೆಲಸ ಅಂತ ಮಗೂನ ಬಿಟ್ಟು ಹೋದ್ರೆ ಇನ್ನೇನಾಗತ್ತೆ’ ಅಂತ ಮೂಗು ಮುರೀತಾರೆ ಪಕ್ಕದ ಮನೆಯವರು. ಇಬ್ಬರ ನಡುವೆ ತಾಯಿ ಮಾತ್ರ ದಿನ ಎಣಿಸುತ್ತಿರುತ್ತಾಳೆ. ಎರಡೂವರೆ ವರ್ಷದ ಕಂದ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಆಟದ ಕಾರನ್ನು ಮಗುಚಿ ಹಾಕಿ ಚಕ್ರ ತಿರುಗಿಸುತ್ತಾ ಕೂರುತ್ತದೆ. ಕುಕ್ಕರ್ ಕೂಗಿದರೆ ಮಾತ್ರ ಕಿವಿ ಮುಚ್ಚಿಕೊಂಡು ಅಳು.

ಇವು ಆಟಿಸಂನ ಲಕ್ಷಣಗಳಿರಬಹುದು. ಮೊದಲು ಮಕ್ಕಳ ವೈದ್ಯರನ್ನು ಕಾಣಿ, ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಜ್ಞರಿದ್ದಾರೆ.

ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದರು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್ ಮದರ್’ ಅಂತ ಹೆಸರು ಬೇರೆ! ಅಮೆರಿಕದ ಮನಃಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಇದನ್ನು ಅಲ್ಲಗಳೆದರು. ಅವರ ಮಗನಿಗೂ ಆಟಿಸಂ ಇತ್ತು. ಲಸಿಕೆಯನ್ನು ದೂರಿದ 1998ರ ಲೇಖನವನ್ನೂ ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆಯಿತು. ಹಾಗಾಗಿ ಲಸಿಕೆ ತಪ್ಪಿಸಬೇಡಿ. ‘ಪೂರ್ತಿ ಗುಣಪಡಿಸ್ತೀವಿ’ ಅನ್ನುವವರ ಕೈಗೆ ದುಡ್ಡು ಸುರಿಯಲೂ ಬೇಡಿ.

ಹಾಗಾದ್ರೆ ಮಾಡೋದೇನು? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೇ ಅಪ್ಪ-ಅಮ್ಮಂದಿರಿಗೆ ಕಲಿಸಿದರು. ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಕಲಿಸಿದ್ದೇನೂ ಬ್ರಹ್ಮವಿದ್ಯೆಯಲ್ಲ. ಮಗು ಏನು ನೋಡುತ್ತಿದೆಯೋ ಅದನ್ನೇ ನೀವೂ ನೋಡಬೇಕು. ಚಕ್ರ ತಿರುಗಿಸುತ್ತಿದ್ದರೆ ಕಸಿದುಕೊಳ್ಳದೆ, ಎದುರಿಗೆ ನೆಲದ ಮೇಲೆ ಕೂತು ‘ಚಕ್ರ... ತಿರುಗ್ತು’ ಅನ್ನಿ. ಉದ್ದುದ್ದ ವಾಕ್ಯ ಬೇಡ. ಆಮೇಲೆ ಕಾಯಿರಿ. ಈ ಕಾಯೋದೇ ಕಷ್ಟ, ನಮಗೆ ಬಾಯಿ ಸುಮ್ಮನಿರೋದಿಲ್ಲ ನೋಡಿ! ದೋಸೆ ಪೂರ್ತಿ ಹಾಕದೆ ಒಂದು ಚೂರು ಕೊಟ್ಟು ನಿಲ್ಲಿ. ಮಗು ನಿಮ್ಮ ಕೈ ಎಳೆದರೂ, ಒಮ್ಮೆ ಕಣ್ಣೆತ್ತಿ ನೋಡಿದರೂ ಅದು ಕೇಳಿದ ಹಾಗೇ. ತಕ್ಷಣ ‘ದೋಸೆ ಬೇಕು’ ಅಂತ ಹೇಳಿ ಇನ್ನೊಂದು ಚೂರು ಕೊಡಿ. ಹಟ ಹಿಡಿದು ಅಳುವವರೆಗೂ ಮಾತ್ರ ಎಳೆಯಬೇಡಿ.

ಇದೆಲ್ಲ ಅಮ್ಮನೊಬ್ಬಳ ಹೆಗಲಿಗೆ ಬಿದ್ದರೆ ಅವಳು ಸೋತು ಸುಣ್ಣವಾಗುತ್ತಾಳೆ. ಥೆರಪಿಗೆ ಅಪ್ಪನೂ ಬರಲಿ. ವಾರಕ್ಕೊಂದು ಸಂಜೆ ಅಜ್ಜಿ ಮಗುವನ್ನು ನೋಡಿಕೊಂಡರೆ ನೀವು ಹೊರಗೆ ಓಡಾಡಿ ಬನ್ನಿ. ನಿದ್ದೆ ಬಾರದೆ, ಅಳು ತಡೆಯಲಾಗದೆ ಇದ್ದರೆ ನಿಮ್ಮ ಬಗ್ಗೆಯೂ ವೈದ್ಯರಲ್ಲಿ ಹೇಳಿ.

ಅಂದಹಾಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಯುಡಿಐಡಿ ಕಾರ್ಡ್ ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯ ಬಗ್ಗೆಯೂ ವಿಚಾರಿಸಿ. ಡಾಕ್ಟರ ಬಳಿ ಹೋಗುವಾಗ ಮಗು ಮನೆಯಲ್ಲಿ ಆಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ. ಆಸ್ಪತ್ರೆಯ ಹೊಸ ಜಾಗದಲ್ಲಿ ಮಗು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ.