ಅಂಗಡಿಗೆ ಬೆಂಕಿ ಬಿದ್ದರೆ ಹೊಣೆ ಯಾರದು?

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಅನಾಹುತವಾಗಿ 9 ಜನ ತೀರಿಕೊಂಡರು. ಅಲ್ಲಿ ಉರಿಗಿಂತ ಹೊಗೆಯೇ ಹೆಚ್ಚು ಕೆಡುಕು ಮಾಡಿತು. ವಿದ್ಯುತ್ ಕೇಬಲ್‌ಗಳ ಡಕ್ಟ್ ಹಿಡಿದು ಮೇಲೇರಿದ ಹೊಗೆ ಮಹಡಿಗಳನ್ನು ತುಂಬಿತು. ಹೊರಹೋಗುವ ಬಾಗಿಲುಗಳಿಗೆ ಬೀಗವಿತ್ತು. ಗಾಜು ಒಡೆದು ಕೆಳಗೆ ಹಾರಿದವರೂ ಇದ್ದರು.

ದಕ್ಷಿಣ ಬೆಂಗಳೂರಿನ ವ್ಯಾಪಾರಿಗಳಿಗೆ ಇನ್ನೂ ಹತ್ತಿರದ ಉದಾಹರಣೆ 2023ರ ಅಕ್ಟೋಬರ್ 18ರದು. ಬಿಟಿಎಂ ಬಡಾವಣೆಯ ಪಕ್ಕದ ತಾವರೆಕೆರೆ ಮುಖ್ಯರಸ್ತೆಯಲ್ಲಿ ಮೇಲ್ಮಹಡಿಯ ಕೆಫೆಯೊಂದು ಹೊತ್ತಿಕೊಂಡು ಗ್ಯಾಸ್ ಸಿಲಿಂಡರ್‌ಗಳು ಸಿಡಿದವು. ಕೆಳಗೆ ಕಾರ್ ಷೋರೂಂ ಇತ್ತು. ನಮ್ಮ ಅಂಗಡಿಯಲ್ಲಿ ಒಲೆಯೇ ಇಲ್ಲ ಎಂದು ನೆಮ್ಮದಿಯಾಗಿರುವವರು ತಲೆಯ ಮೇಲಿನ ಮಹಡಿಯಲ್ಲಿ ಏನಿದೆ ಎಂದೂ ನೋಡಬೇಕು.

ಮಾಲೀಕರು ಬಾಡಿಗೆದಾರರತ್ತ, ಬಾಡಿಗೆದಾರರು ಮಾಲೀಕರತ್ತ ಬೆರಳು ತೋರಿಸುವುದು ಎಲ್ಲೆಡೆ ಇರುವ ಮಾತು. ಮೆಟ್ಟಿಲು, ಮುಖ್ಯ ವೈರಿಂಗ್, ಮೀಟರ್ ಬೋರ್ಡ್, ತಾರಸಿಯ ಬಾಗಿಲು ಮಾಲೀಕರ ಪಾಲಿಗೆ. ಷಟರಿನ ಒಳಗಿನದು ವ್ಯಾಪಾರ ನಡೆಸುವವರ ಪಾಲಿಗೆ. ಇದನ್ನು ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತ ಪ್ರಕರಣದಲ್ಲಿ ನ್ಯಾಯಾಲಯ ಮಾಲೀಕರನ್ನೇ ತಪ್ಪಿತಸ್ಥರೆಂದಿತು.

ಜಯನಗರ 4ನೇ ಬ್ಲಾಕ್, ಬನಶಂಕರಿ ಕಡೆಯ ಬಟ್ಟೆ ಅಂಗಡಿಗಳಲ್ಲಿ ಹಬ್ಬದ ಮುಂಚೆ ಮಾಲು ಬಂದಿಳಿದರೆ ಮೊದಲು ತುಂಬುವುದು ಮೆಟ್ಟಿಲೇ. ಎರಡು ದಿನದ ಮಟ್ಟಿಗೆ ಎಂದು ಇಟ್ಟ ಪೆಟ್ಟಿಗೆ ದೀಪಾವಳಿ ಕಳೆದರೂ ಅಲ್ಲೇ ಇರುತ್ತದೆ. ಕೆಲಸದ ಹುಡುಗರನ್ನು ರಾತ್ರಿ ಒಳಗೆ ಮಲಗಿಸಿ ಹೊರಗಿನಿಂದ ಷಟರ್‌ಗೆ ಬೀಗ ಹಾಕುವುದಂತೂ ಕೂಡಲೇ ನಿಲ್ಲಬೇಕು. ಕಳ್ಳರ ಭಯಕ್ಕೆ ಹಾಕಿದ ಬೀಗ ಅವರ ಪ್ರಾಣಕ್ಕೇ ಕುತ್ತಾಗಬಹುದು. 2025ರ ಆಗಸ್ಟ್‌ನಲ್ಲಿ ನಗರತ್‌ಪೇಟೆಯಲ್ಲಿ ಚಾಪೆ ದಾಸ್ತಾನಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ಮೇಲೆ ವಾಸವಿದ್ದ ವ್ಯಾಪಾರಿಯ ಸಂಸಾರವೂ ಸೇರಿ ಐವರು ಸತ್ತರು.

ಬೆಳಿಗ್ಗೆ ಪೂಜೆಗೆ ಹಚ್ಚಿದ ದೀಪ, ಊದುಬತ್ತಿ ಬಟ್ಟೆಯ ರ‍್ಯಾಕಿನಿಂದ ದೂರವಿರಲಿ. ರಾತ್ರಿ ಷಟರ್ ಎಳೆಯುವ ಮುಂಚೆ ಮೇನ್ ಸ್ವಿಚ್ ಆರಿಸಬೇಕು. ಕ್ಯಾಮೆರಾ, ಫ್ರಿಜ್‌ಗೆ ಬೇರೆ ಲೈನ್ ಮಾಡಿಸಿಕೊಂಡರೆ ಆಯಿತು. ವಿದ್ಯುತ್ ಬೆಂಕಿಗೆ ನೀರು ಎರಚಬಾರದು. ಎಬಿಸಿ ಪುಡಿಯ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕು. ಪುಡಿಯ ಸಿಲಿಂಡರ್‌ನ ಮುಳ್ಳು ಹಸಿರು ಗುರುತಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಪಿನ್ ಎಳೆದು ಬೆಂಕಿಯ ಬುಡಕ್ಕೆ ಹಿಡಿಯುವುದು ಮಾಲೀಕರಿಗಷ್ಟೇ ಅಲ್ಲ, ಕೌಂಟರ್ ಹುಡುಗನಿಗೂ ಗೊತ್ತಿರಬೇಕು.

ವಿಮೆಯ ವಿಷಯದಲ್ಲಿ ಒಂದು ಲೆಕ್ಕ. 1 ಕೋಟಿಯ ಮಾಲಿಗೆ 50 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ, 20 ಲಕ್ಷದ ಮಾಲು ಸುಟ್ಟರೆ, ಸಾಮಾನ್ಯವಾಗಿ ಕೈಗೆ ಬರುವುದು ಸುಮಾರು 10 ಲಕ್ಷ. ಪ್ರೀಮಿಯಂ ಉಳಿಸಲು ಮೊತ್ತ ಇಳಿಸಿದವರಿಗೆ ಇದು ಆಮೇಲೆ ತಿಳಿಯುತ್ತದೆ.

ಬೆಂಕಿ ಕಂಡ ಕೂಡಲೇ 101 ಅಥವಾ 112ಕ್ಕೆ ಕರೆ ಮಾಡಿ ವಿಳಾಸ, ಅಡ್ಡರಸ್ತೆ, ಎಷ್ಟನೇ ಮಹಡಿ ಎಂದು ಹೇಳಬೇಕು. ಅಂಗಡಿ ಮುಂದೆ ಸಾಲಾಗಿ ನಿಂತ ಸ್ಕೂಟರ್‌ಗಳನ್ನು ಸರಿಸಲು ಒಬ್ಬರನ್ನು ಬೀದಿಗೆ ಕಳಿಸಬೇಕು.